ಬಲಗಡೆ ಕೂತ ಕ್ಯಾಪ್ಟನ್

ಆವತ್ತು ಬೆಳಿಗ್ಗೆ ಇವರು ಮೆಟ್ಟಿಲ ಬುಡದಲ್ಲೇ ಬೂಟು ಬಿಚ್ಚಿ, ಕೈಯಲ್ಲಿ ಹಿಡಿದುಕೊಂಡು ಮೇಲೆ ಬಂದರು. ಯಾವಾಗಲೂ ಹಾಗೇ. ರಾತ್ರಿಯೆಲ್ಲ ಸರಕು ವಿಮಾನ ಓಡಿಸಿದ ಮನುಷ್ಯ ಬೂಟು ಕುಟ್ಟಿಕೊಂಡು ಮೆಟ್ಟಿಲು ಹತ್ತಿದರೆ ಕೆಳಮನೆಯವರ ಮಗು ಎದ್ದು ರಂಪ ಮಾಡುತ್ತೆ. ಅಷ್ಟು ಹೊತ್ತಿಗೆ ನಾನು ಮಲಗುವ ಕೋಣೆಯ ಕಿಟಕಿಗೆ ಕಪ್ಪು ಕಂಬಳಿ ಹಾಕಿ ಆಗಿತ್ತು. ಬೀದಿಗೆಲ್ಲ ಬೆಳಗಾದರೆ ನಮ್ಮ ಮನೆಗೆ ರಾತ್ರಿ. ಬಾಗಿಲ ಬೆಲ್ಲು ಆರಿಸಬೇಕು. ತೊಟ್ಟಿಕ್ಕುವ ನಲ್ಲಿ ಕೆಳಗೆ ಬಟ್ಟೆ ಇಡಬೇಕು. ಮದುವೆಯಾದ ಮೇಲೆ ಹಗಲು ಹೊತ್ತು ನಾನು ಜೋರಾಗಿ ಮಾತಾಡಿದ್ದೇ ಕಮ್ಮಿ.

ಸ್ನಾನ ಮಾಡಿದರು, ತಿಂದರು, ಮಲಗಿದರು. ಮಧ್ಯಾಹ್ನ ಎದ್ದು ಆ ನಲ್ಲಿ ಬಿಚ್ಚಿಕೊಂಡು ಕೂತರು. ವಾಷರ್ ಬದಲಾಯಿಸಿದರು.

"ಇನ್ನು ಬಟ್ಟೆ ಇಡೋದು ಬೇಡ ಕಣೇ" ಅಂದರು.

"ಪ್ಲಂಬರ್ ಆಗಿದ್ದಿದ್ರೆ ಹಗಲು ಕೆಲಸ ಸಿಗ್ತಿತ್ತು ನಿಮಗೆ" ಅಂದೆ.

"ಪ್ಲಂಬರಿಗೆ ಯಾರು ಸಲಾಮು ಹೊಡೀತಾರೆ?"

"ನಿಮಗೀಗ ಯಾರು ಹೊಡೀತಿದಾರೆ?"

ನಕ್ಕರು. ಸಂಜೆ ಅಂಗಿ ಹಾಕಿಕೊಂಡು, ಹೆಗಲ ಮೇಲಿನ ಪಟ್ಟಿ ಸರಿಮಾಡಿಕೊಂಡು, ಬರ್ತೀನಿ ಅಂದರು. ಹೂಂ ಅಂದೆ. ಅಷ್ಟೇ. ವಿಶೇಷ ಏನೂ ಇರಲಿಲ್ಲ.

ನಾನು ಓದಿದ್ದು ಏಳನೇ ಕ್ಲಾಸು. ಕ್ಯಾಪ್ಟನ್ ಹೆಂಡತಿ ಏಳನೇ ಕ್ಲಾಸಂತೆ ಅಂತ ನಗುವವರು ನಕ್ಕಿದ್ದಾರೆ. ನಾನು ಕ್ಯಾಪ್ಟನನ್ನು ಮದುವೆ ಆಗಿರಲಿಲ್ಲ. ವಿಮಾನಕ್ಕೆ ಮೂಟೆ ತುಂಬುವವನನ್ನು ಮದುವೆ ಆಗಿದ್ದೆ. ಆಮೇಲೆ ಇವರು ಮೆಕ್ಯಾನಿಕ್ ಆದರು. ಆಮೇಲೆ ವಿಮಾನದ ಒಳಗೇ, ಇಬ್ಬರು ಪೈಲಟ್‌ಗಳ ಬೆನ್ನ ಹಿಂದೆ ಕೂತು ಯಂತ್ರದ ಮುಳ್ಳುಗಳನ್ನು ನೋಡಿಕೊಳ್ಳುವ ಎಂಜಿನಿಯರ್ ಆದರು. ಹೊಸ ವಿಮಾನ ಬಂದಾಗ ಆ ಮೂರನೇ ಕುರ್ಚಿಯೇ ಇರಲಿಲ್ಲ. ಕುರ್ಚಿ ಹೋಯಿತು, ಕೆಲಸವೂ ಹೋಗುತ್ತೆ ಅಂದಾಗ ತಲೆ ನರೆಯುವ ವಯಸ್ಸಿನಲ್ಲಿ ಪೈಲಟ್ ಪರೀಕ್ಷೆಗೆ ಕೂತರು.

ಓದಿಸಿದ್ದು ನಾನು. ಅಡುಗೆಮನೆಯಲ್ಲಿ ಒಲೆಯ ಮುಂದೆ ಎರಡು ಕುರ್ಚಿ ಹಾಕುವುದು. ಎಡಗಡೆ ಇವರು, ಬಲಗಡೆ ನಾನು. ವಿಮಾನದಲ್ಲಿ ಕ್ಯಾಪ್ಟನ್ ಕೂರುವುದು ಎಡಗಡೆ, ಅವನ ಜೊತೆಗಾರ ಬಲಗಡೆ. ನನ್ನ ಕೈಯಲ್ಲಿ ಒಂದು ಕಾರ್ಡು. ಹಾರುವ ಮುಂಚೆ ಏನೇನು ನೋಡಬೇಕು ಅಂತ ಅದರಲ್ಲಿ ಬರೆದಿತ್ತು. ನಾನು ಅಕ್ಷರ ಅಕ್ಷರ ಕೂಡಿಸಿ ಓದುವುದು, ಇವರು ಉತ್ತರ ಹೇಳುವುದು. ಸ್ಟವ್ವಿನ ತಿರುಗಿಸುವ ನಾಬುಗಳೇ ನಮಗೆ ಸ್ವಿಚ್ಚು. ನಾನು ಓದಿ ಮುಂದಕ್ಕೆ ಹೋದರೆ ಬೈಯುತ್ತಿದ್ದರು.

"ಓದಿದ್ರೆ ಸಾಲದು. ನಾನು ಉತ್ತರ ಹೇಳಿದ ಮೇಲೆ ನೀನು ತಿರುಗಿ ನೋಡ್ಬೇಕು. ನಾನು ಸುಳ್ಳು ಹೇಳಿರ್ತೀನಿ."

"ನೀವು ಸುಳ್ಳು ಹೇಳೋದು ನನಗೇನು ಹೊಸದಾ?"

ಪಾಸಾದರು. ಎಷ್ಟೋ ವರ್ಷ ಬಲಗಡೆ ಕೂತರು. ಕೊನೆಗೆ ಎಡ ಸೀಟು ಬಂತು, ಹೆಗಲ ಮೇಲೆ ನಾಲ್ಕು ಪಟ್ಟಿ ಬಂತು. ಆವತ್ತು ಇವರು ಕನ್ನಡಿ ಮುಂದೆ ನಿಂತಷ್ಟು ನಮ್ಮ ಮಗಳು ತನ್ನ ಮದುವೆ ದಿನವೂ ನಿಂತಿಲ್ಲ.

ಹೀಗಿರುವಾಗ ಕಂಪನಿ ಮಾರಾಟವಾಯಿತು. ಇವರದು ಚಿಕ್ಕ ಕಂಪನಿ, ನೀಲಿ ಟೈ. ಕೊಂಡವರದು ದೊಡ್ಡದು, ಹಸಿರು ಟೈ. ಎರಡೂ ಒಂದಾಗುತ್ತವೆ ಅಂತ ಟೀವಿಯಲ್ಲಿ ಹೇಳಿದರು, ನಗುನಗುತ್ತಾ ಕೈ ಕುಲುಕುವವರನ್ನು ತೋರಿಸಿದರು. ಪೈಲಟ್‌ಗಳಲ್ಲಿ ಒಬ್ಬರೂ ನಗಲಿಲ್ಲ.

ಯಾಕೆ ಅಂತ ನನಗೂ ಮೊದಲು ಗೊತ್ತಾಗಲಿಲ್ಲ. ಪೈಲಟ್ ಕೆಲಸದಲ್ಲಿ ಎಲ್ಲ ಸರತಿಯ ಮೇಲೆ. ಯಾರು ಮುಂಚೆ ಸೇರಿದರೋ ಅವರಿಗೆ ಮುಂಚೆ ರಜೆ, ಒಳ್ಳೇ ವಿಮಾನ, ಎಡ ಸೀಟು. ಆಸ್ಪತ್ರೆಯಲ್ಲಿ ಔಷಧಿಗೆ ಎರಡು ಕಿಟಕಿ ಇದೆ ಅಂದುಕೊಳ್ಳಿ. ಎರಡರ ಮುಂದೂ ಸಾಲು. ಒಂದು ಕಿಟಕಿ ಮುಚ್ಚಿ, ಎಲ್ಲರೂ ಆ ಕಡೆ ನಿಲ್ಲಿ ಅಂದರೆ ಯಾರ ಹಿಂದೆ ಯಾರು ನಿಲ್ಲಬೇಕು? ಕೆಲಸಕ್ಕೆ ಸೇರಿದ ದಿನ ನೋಡಿ ಅಂದರು ನೀಲಿಯವರು. ನಮ್ಮ ವಿಮಾನ ದೊಡ್ಡದು, ನಾವು ಮುಂದೆ ಅಂದರು ಹಸಿರಿನವರು. ಎಳೆದಾಡಿ ಎಳೆದಾಡಿ ಸರತಿ ಗೊತ್ತಾದಾಗ ಇವರು ಹಿಂದೆ ಬಿದ್ದಿದ್ದರು. ಮೂಟೆ ಹೊತ್ತದ್ದು, ಮೆಕ್ಯಾನಿಕ್ ಆಗಿದ್ದದ್ದು ಯಾವುದೂ ಲೆಕ್ಕಕ್ಕಿಲ್ಲ. ಎಡ ಸೀಟು ಹೋಯಿತು. ಮತ್ತೆ ಬಲಗಡೆ, ಮತ್ತೆ ಮೂರು ಪಟ್ಟಿ. ಬೇಡದಿದ್ದರೆ ಈಗಲೇ ನಿವೃತ್ತಿ ತಗೊಂಡು ಕ್ಯಾಪ್ಟನ್ ಅನ್ನಿಸಿಕೊಂಡೇ ಮನೆಗೆ ಹೋಗಬಹುದು.

ನೀಲಿ ಪೈಲಟ್‌ಗಳು ನಮ್ಮ ಮನೆಯಲ್ಲಿ ಸೇರಿದರು. ಮುಂದಾಳು ಉದ್ದಣ್ಣ. ಹೆಸರೇ ಹೇಳುತ್ತೆ, ನಮ್ಮ ಬಾಗಿಲಿಗೆ ಬಗ್ಗಿ ಬರುವ ಮನುಷ್ಯ, ಇವರ ಹಳೇ ಗೆಳೆಯ. ಅವರು ಒಂದು ತೀರ್ಮಾನ ಮಾಡಿದರು. ಹಸಿರು ಕ್ಯಾಪ್ಟನ್ ಪಕ್ಕ ಕೂತರೆ ಕಾರ್ಡಿನಲ್ಲಿ ಇರುವಷ್ಟೇ ಮಾತು. ಅದರ ಮೇಲೆ ಒಂದು ಮಾತೂ ಇಲ್ಲ, ನಮಸ್ಕಾರ ಸಹ ಇಲ್ಲ. ವಿಮಾನ ನಿಲ್ದಾಣದ ವಿಶ್ರಾಂತಿ ಕೋಣೆಯಲ್ಲಿ ಅವರದೇ ಮೂಲೆ, ನಮ್ಮದೇ ಮೂಲೆ. ಚಹಾದ ಕೆಟಲು ಸಹ ಬೇರೆ.

ನಾನು ಲೋಟ ಎತ್ತಲು ಬಂದವಳು ಕೇಳಿಬಿಟ್ಟೆ. "ಅಲ್ಲ ಅಣ್ಣಾ, ಮೊಮ್ಮಕ್ಕಳನ್ನ ಎತ್ತೋ ವಯಸ್ಸು ನಿಮ್ಮದು. ಕೆಟಲ್ ಬೇರೆ ಮಾಡ್ಕೊಂಡಿದೀರಾ?"

"ಅತ್ತಿಗೆ, ಇದು ಮರ್ಯಾದೆ ಪ್ರಶ್ನೆ" ಅಂದ ಉದ್ದಣ್ಣ.

"ಮರ್ಯಾದೆ ಕೆಟಲ್‌ನಲ್ಲಿ ಕುದಿಯುತ್ತಾ?"

ಇವರು ನೆಲ ನೋಡಿಕೊಂಡು, "ನಾನೂ ಒಪ್ಪಿದೀನಿ ಕಣೇ" ಅಂದರು. ಕೊಟ್ಟ ಮಾತು ತಪ್ಪುವವರಲ್ಲ. ಬಾಯಿ ಮುಚ್ಚಿಕೊಂಡು ಬಲ ಸೀಟಿಗೆ ಹೋದರು.

ಹೋಗುವ ಮುಂಚೆ ಮತ್ತೆ ಅಡುಗೆಮನೆಯಲ್ಲಿ ಕುರ್ಚಿ ಹಾಕಿಸಿದರು. ನಾನು ಎಡಗಡೆ, ಇವರು ಬಲಗಡೆ. ಎಡಗಡೆ ಕೂತಾಗ ವೇಗದ ಹಿಡಿ ಬಲಗೈಗೆ ಸಿಗುತ್ತಂತೆ, ಬಲಗಡೆ ಕೂತರೆ ಎಡಗೈಗೆ. ಕೈ ಮರೆತುಬಿಟ್ಟಿತ್ತು. ಆ ದಿನಗಳಲ್ಲಿ ಎಡಗೈಯಲ್ಲೇ ಚಹಾ ಕಲಕಿದರು, ಎಡಗೈಯಲ್ಲೇ ಬಾಗಿಲು ತೆಗೆದರು. ಎಡಗೈಯಲ್ಲಿ ಗಡ್ಡ ಹೆರೆದುಕೊಂಡು ಗಾಯ ಮಾಡಿಕೊಂಡರು.

ಇವರ ಪಾಲಿಗೆ ಬಂದ ಕ್ಯಾಪ್ಟನ್ ಕುಳ್ಳಗಿನ ಹುಡುಗ. ಹುಡುಗ ಅಂದರೆ ನಲವತ್ತು ದಾಟಿದವನೇ, ಇವರ ಮುಂದೆ ಹುಡುಗ. ಇಬ್ಬರೂ ಮಾತಿಲ್ಲದೆ ಹೋಗಿ ಬಂದರು. ಎಷ್ಟೋ ದಿನ ಹಾಗೇ ನಡೆಯಿತು. ಆಮೇಲೆ ಪಿನ್ನಿನ ಸಂಗತಿ ಆಯಿತು.

ವಿಮಾನ ನಿಂತಿದ್ದಾಗ ಗಾಲಿ ತಾನಾಗಿ ಮಡಚಿಕೊಳ್ಳಬಾರದು ಅಂತ ಗಾಲಿಯ ಕಾಲಿಗೆ ಒಂದು ಪಿನ್ನು ತೂರಿಸಿರುತ್ತಾರೆ. ಕಣ್ಣಿಗೆ ಬೀಳಲಿ ಅಂತ ಅದಕ್ಕೆ ಕೆಂಪು ಬಟ್ಟೆಯ ಪಟ್ಟೆ ಕಟ್ಟಿರುತ್ತೆ. ಹೊರಡುವ ಮುಂಚೆ ಕಿತ್ತು ಒಳಗೆ ಕ್ಯಾಪ್ಟನ್ ಸೀಟಿನ ಹಿಂದೆ ಇಟ್ಟುಕೊಳ್ಳಬೇಕು. ನೀಲಿ ಕಂಪನಿಯಲ್ಲಿ ಅದನ್ನು ಕೀಳುತ್ತಿದ್ದದ್ದು ಕ್ಯಾಪ್ಟನ್. ಹಸಿರು ಕಂಪನಿಯಲ್ಲಿ ಬಲಗಡೆಯವನು. ಹೊಸ ನಿಯಮದ ಪುಸ್ತಕ ಇನ್ನೂ ಬಂದಿರಲಿಲ್ಲ. ಅಷ್ಟು ದಿನ ಕೆಳಗಿನ ಮೆಕ್ಯಾನಿಕ್ಕೇ ಕಿತ್ತು ಕೊಡುತ್ತಿದ್ದ, ಆವತ್ತು ಅವನಿರಲಿಲ್ಲ. ಇವರು ಅಂದುಕೊಂಡರು, ನಾನೀಗ ಬಲಗಡೆಯವನು, ಕ್ಯಾಪ್ಟನ್ ಕಿತ್ತಿರುತ್ತಾನೆ. ಅವನು ಅಂದುಕೊಂಡ, ಬಲಗಡೆಯವರು ಕಿತ್ತಿರುತ್ತಾರೆ. ನೀನು ತೆಗೆದ್ಯೇನಪ್ಪಾ ಅಂತ ಒಬ್ಬ ಕೇಳಿದ್ದರೆ ಮುಗಿಯುತ್ತಿತ್ತು. ಕೇಳುವ ಹಾಗಿರಲಿಲ್ಲ.

ಕಾರ್ಡಿನಲ್ಲಿ ಪಿನ್ನಿನ ಸಾಲು ಇದೆ, ಯಾರು ತೆಗೆದರು ಅಂತ ಇಲ್ಲ. ಇವರು ಓದಿದರು, ಪಿನ್ನು? ಅವನು ತೆಗೆದಿದೆ ಅಂದ. ಇವರು ತಿರುಗಿ ನೋಡಲಿಲ್ಲ. ತಿರುಗಿದರೆ ಅವನ ಮುಖ ನೋಡಬೇಕಲ್ಲ.

ವಿಮಾನ ಎದ್ದಿತು, ಗಾಲಿ ಮಡಚಲಿಲ್ಲ. ಇಂಧನ ಸುಟ್ಟು ಭಾರ ಕಮ್ಮಿ ಮಾಡಿಕೊಳ್ಳಲು ಅಲ್ಲೇ ಸುತ್ತು ಹೊಡೆದು ಹೊಡೆದು ವಾಪಸ್ ಇಳಿದರು. ಯಾರಿಗೂ ಏನೂ ಆಗಲಿಲ್ಲ. ಹಿಂದುಗಡೆ ಪೆಟ್ಟಿಗೆ ಪೆಟ್ಟಿಗೆ ಕೋಳಿಮರಿಗಳಿದ್ದವು, ಮೊಟ್ಟೆಯೊಡೆದು ಒಂದು ದಿನವೂ ಆಗಿರಲಿಲ್ಲವಂತೆ. ಇಳಿದು ಎಂಜಿನ್ ಆರಿಸಿದಾಗ ಅವುಗಳ ಚಿಂವ್ ಚಿಂವ್ ಮುಂದಿನ ತನಕ ಕೇಳಿಸಿತಂತೆ. ಕೆಳಗೆ ಕೆಂಪು ಬಟ್ಟೆ ಗಾಳಿಗೆ ಹರಿದು ಚಿಂದಿಯಾಗಿತ್ತು.

ವಿಚಾರಣೆ ಮುಗಿಯುವ ತನಕ ಇಬ್ಬರನ್ನೂ ಮನೆಯಲ್ಲಿ ಕೂರಿಸಿದರು. ಉದ್ದಣ್ಣ ಬಂದ.

"ಬಿಟ್ಬಿಡು" ಅಂದ. "ನಾನೂ ನಿವೃತ್ತಿ ತಗೊಳ್ತಿದೀನಿ. ನಾಲ್ಕು ಪಟ್ಟಿ ಹಾಕ್ಕೊಂಡೇ ಆಚೆ ಬರೋಣ. ಆ ಕುಳ್ಳನ ಪಕ್ಕ ಕೂತು ಸಾಯೋ ತನಕ ಕಾರ್ಡ್ ಓದ್ತೀಯಾ?"

ಇವರು ಅವನನ್ನು ಮೆಟ್ಟಿಲ ತನಕ ಬಿಟ್ಟು ಬಂದರು. ನನಗೆ ಗೊತ್ತಿತ್ತು, ಆ ಎಡ ಸೀಟಿಗೆ ಇವರು ಒಂದು ಜನ್ಮವೇ ಹಾಕಿದ್ದರು. ಬಿಟ್ಟುಬಂದರೆ ಬೀದಿಯಲ್ಲಿ ಕ್ಯಾಪ್ಟನ್ ಅನ್ನಿಸಿಕೊಂಡು ಓಡಾಡಬಹುದು, ಹಾರುವ ಹಾಗಿಲ್ಲ. ಹೋದರೆ ಹಾರಬಹುದು, ಮಗನ ವಯಸ್ಸಿನವನ ಕೈಕೆಳಗೆ. ಎರಡೂ ನಾನು ಹೇಳುವ ಮಾತಲ್ಲ.

ಊಟಕ್ಕೆ ಕೂತಾಗ ಇವರೇ ಬಾಯಿಬಿಟ್ಟರು.

"ಕೋಳಿಮರಿಗೆ ಗೊತ್ತಾ ಕಣೇ, ನನ್ನ ಹೆಗಲ ಮೇಲೆ ಮೂರು ಪಟ್ಟಿನೋ ನಾಲ್ಕೋ ಅಂತ?"

"ಕೋಳಿಮರಿಗೆ ಏನು ಗೊತ್ತಿರುತ್ತೆ."

"ನಾನು ತಿರುಗಿ ನೋಡ್ಲಿಲ್ಲ. ನಿನಗೆ ಅಷ್ಟು ಬೈದು ಕಲಿಸ್ದೆ, ನಾನೇ ನೋಡ್ಲಿಲ್ಲ."

ಊಟ ಮುಗಿಸಿ ಅಂಗಿಯ ಹೆಗಲುಪಟ್ಟಿ ತಂದು ನನ್ನ ಮಡಿಲಿಗೆ ಹಾಕಿದರು. ಅಲ್ಲಿಯ ತನಕ ನಾಲ್ಕರದ್ದನ್ನೇ ಹಾಕಿಕೊಂಡು ಹೋಗುತ್ತಿದ್ದರು, ನೀಲಿಯವರೆಲ್ಲ ಹಾಗೇ ಮಾಡುತ್ತಿದ್ದರು. "ಒಂದು ಬಿಚ್ಚು" ಅಂದರು. ಬ್ಲೇಡಿನಲ್ಲಿ ಹೊಲಿಗೆ ಬಿಚ್ಚಿದೆ. ಪಟ್ಟಿ ಬಂತು, ಅದಿದ್ದ ಜಾಗ ಮಾತ್ರ ಕಪ್ಪಗೆ ಹೊಸದಾಗಿ ಉಳಿಯಿತು.

ವಿಚಾರಣೆಯಲ್ಲಿ ಇಬ್ಬರಿಗೂ ಎಚ್ಚರಿಕೆ ಕೊಟ್ಟು ಬಿಟ್ಟರು. ಇವರು ಅದೇ ಕುಳ್ಳ ಕ್ಯಾಪ್ಟನ್ ಜೊತೆಗೇ ಹಾಕಿ ಅಂತ ಕೇಳಿಕೊಂಡರು. ಮೊದಲ ದಿನ ಪಿನ್ನು ಕಿತ್ತು ತಂದು, ಕೆಂಪು ಬಟ್ಟೆಯನ್ನು ಅವನ ಮೂಗಿನ ಮುಂದೆ ಹಿಡಿದರಂತೆ.

"ನೋಡಪ್ಪಾ."

"ನೋಡಿದೆ ಸಾರ್."

"ಸಾರ್ ನೀನು ಕಣಯ್ಯ. ನಾನಲ್ಲ."

"ಹಾಗಾದ್ರೆ ಏನನ್ಲಿ?"

"ಏನಾದ್ರೂ ಅನ್ನು. ಏನೂ ಅನ್ನದೆ ಇರೋದು ಬೇಡ."

ಅಣ್ಣಾ ಅಂತ ಶುರುಮಾಡಿದನಂತೆ. ಆಮೇಲೆ ದಿನಾ ಅದೇ ಆಟ. ವಿಶ್ರಾಂತಿ ಕೋಣೆಯಲ್ಲಿ ಇವರು ಹಸಿರಿನವರ ಕೆಟಲ್‌ನಿಂದ ಚಹಾ ಬಗ್ಗಿಸಿಕೊಂಡರು. ನೀಲಿಯವರು ಇವರನ್ನು ಮಾತಾಡಿಸುವುದು ಬಿಟ್ಟರು. ಉದ್ದಣ್ಣ ನಾಲ್ಕು ಪಟ್ಟಿಯ ಜೊತೆ ನಿವೃತ್ತನಾದ, ನಮ್ಮ ಮನೆ ಮೆಟ್ಟಿಲು ಹತ್ತಲಿಲ್ಲ. ಇವರಿಗೆ ಅದು ನೋವಾಗಿತ್ತು. ಹೇಳಲಿಲ್ಲ, ಆದರೆ ಫೋನು ಸದ್ದಾದರೆ ಮೊದಲು ಯಾರದು ಅಂತ ನೋಡುತ್ತಿದ್ದರು. ಬರುಬರುತ್ತಾ ನೀಲಿಯವರಲ್ಲೂ ಒಬ್ಬಿಬ್ಬರು ಕೆಂಪು ಬಟ್ಟೆ ತೋರಿಸುವುದು ಶುರುಮಾಡಿದರಂತೆ. ಎಲ್ಲರೂ ಅಲ್ಲ. ಕೆಲವರು ಇವತ್ತಿಗೂ ಮಾತಾಡುವುದಿಲ್ಲ ಅಂತ ಕೇಳಿದ್ದೇನೆ.

ನಲ್ಲಿ ರಿಪೇರಿ ಮಾಡಿ ಹೋದ ಮಾರನೇ ಬೆಳಿಗ್ಗೆ ನಾನು ಕಂಬಳಿ ಹಾಕಿ, ಬೆಲ್ಲು ಆರಿಸಿ ಕಾಯುತ್ತಿದ್ದೆ. ಮೆಟ್ಟಿಲ ಮೇಲೆ ಬರಿಗಾಲ ಸದ್ದಾಯಿತು. ಬಾಗಿಲು ತೆಗೆದೆ. ಕುಳ್ಳ ಕ್ಯಾಪ್ಟನ್ ನಿಂತಿದ್ದ. ಒಂದು ಕೈಯಲ್ಲಿ ಅವನ ಬೂಟು, ಇನ್ನೊಂದು ಕೈಯಲ್ಲಿ ಇವರ ಚೀಲ. ಈ ಮನೆಗೆ ಬೆಳಿಗ್ಗೆ ಬೂಟು ಬಿಚ್ಚಿ ಬರಬೇಕು ಅಂತ ಅವನಿಗೆ ಇವರು ಯಾವಾಗಲೋ ಹೇಳಿದ್ದರು.

"ಅಕ್ಕಾ" ಅಂದ. ಚೀಲ ನನ್ನ ಕಾಲ ಹತ್ತಿರ ಇಟ್ಟು, ಅಲ್ಲೇ ಕೂತು ಹೇಳಿದ.

ಎರಡು ಹಾರಾಟದ ಮಧ್ಯೆ ವಿಶ್ರಾಂತಿ ಕೋಣೆಯ ಒರಗು ಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದಾರೆ. ನಿದ್ದೆ ಅಂದುಕೊಂಡು ಅವನೇ ದೀಪ ಆರಿಸಿದ್ದಾನೆ. ಹೊರಡುವ ಹೊತ್ತಿಗೆ ಅಣ್ಣಾ ಅಂತ ಎಬ್ಬಿಸಲು ಹೋದರೆ ಏಳಲಿಲ್ಲ. ಹೃದಯ ನಿಂತಿದೆ ಅಂದರು ಡಾಕ್ಟರು.

ಉದ್ದಣ್ಣ ಬಂದ. ಬಾಗಿಲಿಗೆ ಬಗ್ಗುವುದು ಮರೆತು ಹಣೆ ಬಡಿಸಿಕೊಂಡ. ಇವರನ್ನು ಮಲಗಿಸಿದ ಪೆಟ್ಟಿಗೆ ಹೊರುವಾಗ ಹೊರಗೆ ಹಸಿರಿನವರು, ನೀಲಿಯವರು ಬೇರೆ ಬೇರೆ ಗುಂಪಾಗಿ ನಿಂತಿದ್ದರು. ಮುಂದಿನ ಎರಡು ಮೂಲೆಗೆ ಉದ್ದಣ್ಣನೂ ಕುಳ್ಳನೂ ಹೆಗಲು ಕೊಟ್ಟರು. ಪೆಟ್ಟಿಗೆ ಒಂದು ಕಡೆ ವಾಲಿತು.

ಕುಳ್ಳನೇ ಹೇಳಿದ. "ಸ್ವಲ್ಪ ಬಗ್ಗಿ ಸಾರ್. ಅಣ್ಣ ನನ್ನ ಕಡೆ ಜಾರ್ತಾರೆ."

ಉದ್ದಣ್ಣ ಮೊಣಕಾಲು ಮಡಚಿದ. ಹಾಗೇ ಮಡಚಿಕೊಂಡು ಕೆಳಗಿನ ತನಕ ನಡೆದ. ಮಾರನೇ ದಿನ ಬಂದಾಗ ಕುಂಟುತ್ತಿದ್ದ. ಆ ಕುಳ್ಳ ಬಹಳ ಕುಳ್ಳ ಅತ್ತಿಗೆ ಅಂದ. ಅತ್ತ.

ಮಗಳು ಪಕ್ಕದ ಬೀದಿಯಲ್ಲೇ ಇದ್ದಾಳೆ, ದಿನಾ ಬರುತ್ತಾಳೆ. "ಅಮ್ಮಾ, ಆ ಕಂಬಳಿ ತೆಗೆದುಹಾಕು. ಬೆಳಕು ಬರ್ಲಿ. ಯಾರಿಗೋಸ್ಕರ ಇದೆಲ್ಲ?" ಅನ್ನುತ್ತಾಳೆ. ಅವಳು ಹೇಳುವುದು ಸರಿಯಾಗಿಯೇ ಇದೆ. ಮಧ್ಯಾಹ್ನ ತೆಗೆಯುತ್ತೇನೆ.

ಬೆಳಿಗ್ಗೆ ಹಾಕುತ್ತೇನೆ. ಸ್ಟೂಲು ಹತ್ತಿ, ಎಡಗಡೆ ಕೊಕ್ಕೆ ಮೊದಲು, ಆಮೇಲೆ ಬಲಗಡೆಯದು. ಕೆಳಗಿನ ಅಂಚನ್ನು ಹಾಸಿಗೆಯ ಹಿಂದೆ ತುರುಕುತ್ತೇನೆ. ಬೆಲ್ಲು ಆರಿಸುತ್ತೇನೆ. ಇಳಿದು ಬಾಗಿಲ ಹತ್ತಿರ ನಿಂತು, ಕಿಟಕಿ ಅನ್ನುತ್ತೇನೆ. ಮುಚ್ಚಿದೆ ಅಂತ ನಾನೇ ಹೇಳುತ್ತೇನೆ. ಆಮೇಲೆ ತಿರುಗಿ ನೋಡುತ್ತೇನೆ.