ಬಲಕ್ಕೆ ಹೊರಳುವ ಚೆಂಡು

ಲಿಫ್ಟ್ ರಿಪೇರಿಯೆಂದರೆ ಹಗಲಿಡೀ ಬಾವಿಯೊಳಗೆ ಇದ್ದ ಹಾಗೆ. ನಾಲ್ಕೂ ಕಡೆ ಗೋಡೆ, ಮೇಲಿನಿಂದ ಇಳಿಬಿದ್ದ ಉಕ್ಕಿನ ಹಗ್ಗ, ಗ್ರೀಸಿನ ವಾಸನೆ. ಮೀಸೆ ಚಿಗುರುವ ವಯಸ್ಸಿನಲ್ಲಿ ಈ ಕೆಲಸಕ್ಕೆ ಸೇರಿದ ನಮ್ಮ ಮೆಕ್ಯಾನಿಕ್ ಈಗ ಐವತ್ತು ದಾಟಿದ್ದ. ಮದುವೆಯಾಗಿರಲಿಲ್ಲ. ಅಕ್ಕನ ಮನೆಯ ಮಹಡಿಯ ಮೇಲಿನ ಕೋಣೆಯಲ್ಲಿದ್ದ. ಊಟ ಕೆಳಗೆ, ನಿದ್ದೆ ಮೇಲೆ.

ಭಾವ ಶೋಕಿಗೆಂದು ಗಾಲ್ಫ್ ಕೋಲುಗಳನ್ನು ಕೊಂಡು, ಸೊಂಟ ಹಿಡಿದುಕೊಂಡಿತೆಂದು ಮೂಲೆಗೆಸೆದಿದ್ದರು. ಆ ಚೀಲವನ್ನು ಹೊತ್ತುಕೊಂಡು ಇವನು ಒಂದು ಭಾನುವಾರ ಊರಂಚಿನ ಅಭ್ಯಾಸದ ಮೈದಾನಕ್ಕೆ ಹೋದ. ಸಾಲಾಗಿ ಹಾಸಿದ ಹಸಿರು ಚಾಪೆ, ಬುಟ್ಟಿ ತುಂಬ ಚೆಂಡು, ಮುಂದೆ ಕಣ್ಣು ಹಾಯುವಷ್ಟು ದೂರ ಬರೀ ಹುಲ್ಲು. ಎದುರಿಗೆ ಗೋಡೆಯೇ ಇಲ್ಲ! ಅವತ್ತಿನಿಂದ ಭಾನುವಾರ ಬಂದರೆ ಅವನನ್ನು ಮನೆಯಲ್ಲಿ ಹಿಡಿದಿಡುವವರಿಲ್ಲ.

ಆದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗಾಯಿತು. ಅವನು ಹೊಡೆದ ಚೆಂಡು ಹೊರಡುವಾಗ ನೆಟ್ಟಗೇ ಹೊರಡುತ್ತಿತ್ತು. ಅರ್ಧ ದಾರಿಯಲ್ಲಿ ಯಾರೋ ಕರೆದಂತೆ ಬಲಕ್ಕೆ ಹೊರಳುತ್ತಿತ್ತು. ಆಟಗಾರರು ಇದಕ್ಕೆ ಸ್ಲೈಸ್ ಎನ್ನುತ್ತಾರೆ. ಮೈದಾನದ ಬಲಕ್ಕೆ ಒಂದು ಬಲೆ ಕಟ್ಟಿದ್ದರು, ಅದರ ಮೇಲಂಚು ಹರಿದಿತ್ತು. ಆಚೆಗಿದ್ದದ್ದು ಹೂವಿನ ಸಸಿಗಳ ನರ್ಸರಿ, ಅದರೊಳಗೊಂದು ಗಾಜಿನ ಮನೆ.

ಒಂದು ಬೆಳಿಗ್ಗೆ ಫಳಾರೆಂದು ಸದ್ದಾಯಿತು. ಸ್ವಲ್ಪ ಹೊತ್ತಿಗೆ ನರ್ಸರಿಯ ಒಡತಿಯೇ ಬಂದಳು. ಮೊಣಕೈವರೆಗೂ ಮಣ್ಣು, ಕೈಯಲ್ಲಿ ಚೆಂಡು.

"ಇದು ಯಾರದ್ದು?"

ಉಳಿದವರೆಲ್ಲ ತಮ್ಮ ಬೂಟುಗಳನ್ನು ನೋಡಿಕೊಂಡರು. ಮೆಕ್ಯಾನಿಕ್ ಶಾಲೆಯ ಹುಡುಗನಂತೆ ಕೈಯೆತ್ತಿದ.

"ನೀವೇನಾ? ಹೋದ್ಯಾ ಪಿಶಾಚಿ ಅಂದ್ರೆ ಬಂದೆ ಗವಾಕ್ಷೀಲಿ ಅಂತ! ಹೋದ ವಾರ ಸಸಿ ಮಡಿಯಲ್ಲಿ ಬಿತ್ತು, ಸುಮ್ಮನಿದ್ದೆ. ಇವತ್ತು ಗಾಜೇ ಹೋಯ್ತು."

"ತಪ್ಪಾಯ್ತು ಕಣ್ರೀ. ನಾನೇ ಬಂದು ಹೊಸ ಗಾಜು ಕೂರಿಸಿಕೊಡ್ತೀನಿ."

"ಕೂರಿಸಿ, ಬೇಡ ಅನ್ನಲ್ಲ. ಆದ್ರೆ ಮೊದಲು ನಿಮ್ಮ ಕೈ ಸರಿಮಾಡ್ಕೊಳ್ಳಿ."

ಮಧ್ಯಾಹ್ನವೇ ಗಾಜು ತಂದು ಕೂರಿಸಿದ. ಮಾತು ಮಾತ್ರ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಆ ವಾರ ಆಟದ ಸಾಮಾನಿನ ಅಂಗಡಿಗೆ ಹೋಗಿ ಸ್ಲೈಸ್ ಬಿಡಿಸುವ ಸಾಧನಗಳನ್ನೆಲ್ಲ ತಂದ: ಬೆರಳು ಎಲ್ಲೆಲ್ಲಿ ಕೂರಬೇಕೆಂದು ಅಚ್ಚು ಮಾಡಿದ ರಬ್ಬರ್ ಹಿಡಿ, ಮೊಣಕೈ ಎರಡನ್ನೂ ಜೋಡಿಸಿ ಕಟ್ಟುವ ಪಟ್ಟಿ, ದಿಕ್ಕು ನೋಡಲು ನೆಲದ ಮೇಲಿಡುವ ಉದ್ದನೆಯ ಕಡ್ಡಿ. ಕೋಣೆಯ ಕನ್ನಡಿಯೆದುರು ಪಟ್ಟಿ ಬಿಗಿದುಕೊಂಡು ನಿಂತಿದ್ದಾಗ, ಒಗೆದ ಬಟ್ಟೆ ಹಿಡಿದು ಅಕ್ಕ ಒಳಗೆ ಬಂದಳು.

"ಏನೋ ಇದು! ಕಳ್ಳರು ಬಂದು ನಿನ್ನ ಕಟ್ಟಿಹಾಕಿ ಹೋದ್ರಾ?"

"ಇದು ಆಟಕ್ಕೆ, ಅಕ್ಕಾ."

"ಆಟಾನೇ ಸರಿ," ಎಂದು ನಗುತ್ತಾ ಬಟ್ಟೆಯಿಟ್ಟು ಇಳಿದು ಹೋದಳು.

ಭಾನುವಾರ ಎಲ್ಲವನ್ನೂ ಒಟ್ಟಿಗೆ ತೊಟ್ಟು ಹೊಡೆದ. ಚೆಂಡು ಮೊದಲಿಗಿಂತ ಜೋರಾಗಿ ಬಲಕ್ಕೆ ತಿರುಗಿತು. ಮತ್ತೆ ಫಳಾರ್. ಈ ಸಲ ಆಕೆ ಬರುವ ಮುಂಚೆ ಅವನೇ ಹೋದ.

"ಬನ್ನಿ," ಎಂದಳು ಆಕೆ. "ಏಣಿ ಅಲ್ಲೇ ಇದೆ. ನೀವು ಬಂದೇ ಬರ್ತೀರ ಅಂತ ತೆಗೆದಿಡಲೇ ಇಲ್ಲ."

ಅವನು ಸಂಕೋಚದಿಂದ ತನ್ನ ಸಾಧನಗಳ ಕಥೆ ಹೇಳಿಕೊಂಡ. ಆಕೆ ನಕ್ಕುಬಿಟ್ಟಳು. "ಅಲ್ಲಾ, ಗಿಡಕ್ಕೆ ಗೊಬ್ಬರ, ನೀರು, ಔಷಧಿ ಎಲ್ಲಾ ಒಂದೇ ಸಲ ಸುರಿದ್ರೆ ಯಾವುದರಿಂದ ಸತ್ತಿತು ಅಂತಾನೂ ಗೊತ್ತಾಗಲ್ಲ. ಒಂದೊಂದಾಗಿ ನೋಡಬಾರದಾ? ನಡೀರಿ, ನಾನೂ ಬರ್ತೀನಿ. ಗಾಜು ನನ್ನದಲ್ವಾ!"

ಮೊದಲು ಕಡ್ಡಿ. ಅವನು ನಿಂತ ಮೇಲೆ ಅದನ್ನು ಬೂಟಿನ ತುದಿಗೆ ತಾಗಿಸಿ ನೆಲದ ಮೇಲಿಟ್ಟು, ಇಬ್ಬರೂ ಹಿಂದೆ ಸರಿದು ನೋಡಿದರು. ಕಡ್ಡಿ ಎಡಕ್ಕೆ ಮುಖ ಮಾಡಿತ್ತು. ನರ್ಸರಿಗೆ ಬೀಳದಿರಲಿ ಎಂದು ಅವನು ವಾರವಾರವೂ ಇನ್ನಷ್ಟು ಎಡಕ್ಕೆ ತಿರುಗಿ ನಿಲ್ಲುತ್ತಾ ಬಂದಿದ್ದ. ಹಾಗೆ ನಿಂತರೆ ಕೋಲು ಹೊರಗಿನಿಂದ ಅಡ್ಡಡ್ಡ ಬಂದು ಚೆಂಡನ್ನು ಸವರುತ್ತದೆ, ಚೆಂಡು ಇನ್ನಷ್ಟು ಬಲಕ್ಕೆ ತಿರುಗುತ್ತದೆ. ಕಡ್ಡಿಯ ಜೊತೆ ಬಂದ ಚೀಟಿಯಲ್ಲೇ ಹಾಗೆ ಬರೆದಿತ್ತು, ಅವನು ಓದಿರಲಿಲ್ಲ.

"ಅಂದ್ರೆ ನನ್ನ ಗಾಜು ಉಳಿಸೋಕೆ ಹೋಗಿ ಒಡೀತಾ ಇದ್ರಾ?" ಆಕೆಯ ದನಿಯಲ್ಲಿ ಸಿಟ್ಟು ಉಳಿದಿರಲಿಲ್ಲ.

ಆಮೇಲೆ ಆಕೆಯೇ ಒಂದು ಖಾಲಿ ಪ್ಲಾಸ್ಟಿಕ್ ಕುಂಡ ತಂದು ಚೆಂಡಿನ ಆಚೆ ಬದಿಗೆ, ತುಸು ಹಿಂದಕ್ಕೆ, ಒಂದು ಗೇಣು ಬಿಟ್ಟು ಇಟ್ಟಳು. ಕೋಲು ಹೊರಗಿನಿಂದ ಬಂದರೆ ಕುಂಡಕ್ಕೆ ಪೆಟ್ಟು. ಶುರುವಿನಲ್ಲಿ ಚೆಂಡಿಗಿಂತ ಕುಂಡವೇ ದೂರ ಹಾರಿತು. ಅಕ್ಕಪಕ್ಕದ ಆಟಗಾರರು ಹಲ್ಲುಕಿರಿದರು. ಮೈದಾನದ ಮ್ಯಾನೇಜರ್ ಮಾತ್ರ ನಗಲಿಲ್ಲ. ಹೊಸ ಬಲೆಯ ಮಾತೆತ್ತುತ್ತಾರೆಂದು ಹೆದರಿ ಇವರನ್ನು ಕಂಡರೆ ಆಫೀಸಿನೊಳಗೆ ನುಸುಳುತ್ತಿದ್ದ.

ವಾರಗಳು ಕಳೆದ ಹಾಗೆ ಕುಂಡ ನಿಂತಲ್ಲೇ ನಿಲ್ಲತೊಡಗಿತು. ಚೆಂಡಿನ ಹೊರಳಾಟ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಅವನಿಗೆ ಬೇಸರ ಬಂತು. "ಈ ವಯಸ್ಸಿಗೆ ಇಷ್ಟೇ ಕಾಣುತ್ತೆ," ಎನ್ನುತ್ತಾ, ಹಿಂದೊಮ್ಮೆ ತನ್ನಿಂದಲೇ ಬಿರುಕುಬಿಟ್ಟಿದ್ದ ಗಾಜೊಂದನ್ನು ಬದಲಿಸಲು ಏಣಿ ಹತ್ತಿದ. ಹೊಸ ಗಾಜನ್ನು ಬೆರಳ ತುದಿಯಲ್ಲಿ ಹಿಡಿದು, ಚೌಕಟ್ಟಿಗೆ ಮೆಲ್ಲನೆ ಜಾರಿಸಿದ.

ಕೆಳಗೆ ನಿಂತಿದ್ದ ಆಕೆ ಕೇಳಿದಳು: "ಗಾಜನ್ನ ಇಷ್ಟು ಹಗುರಾಗಿ ಹಿಡೀತೀರ. ಆ ಕೋಲಿನ ಕತ್ತು ಮಾತ್ರ ಯಾಕೆ ಹಾಗೆ ಹಿಸುಕ್ತೀರ?"

ಅವನು ಏಣಿಯ ಮೇಲೆಯೇ ತನ್ನ ಅಂಗೈ ನೋಡಿಕೊಂಡ. ಲಿಫ್ಟಿನ ಬಾವಿಯಲ್ಲಿ ಒಂದು ಕೈ ಯಾವಾಗಲೂ ಕಂಬಿಯನ್ನು ಬಿಗಿಯಾಗಿ ಹಿಡಿದಿರಬೇಕು. ಸಡಿಲಬಿಟ್ಟರೆ ಕಥೆ ಮುಗಿಯಿತು. ಆ ಬಿಗಿ, ಕೆಲಸ ಮುಗಿಸಿ ಬಂದರೂ, ಕೈಬಿಟ್ಟಿರಲಿಲ್ಲ. ರಬ್ಬರ್ ಹಿಡಿ ಬೆರಳಿನ ಜಾಗವನ್ನೇನೋ ತೋರಿಸಿತ್ತು, ಎಷ್ಟು ಬಿಗಿಯೆಂದು ಹೇಳಿರಲಿಲ್ಲ.

ಇಳಿದವನು ನೇರ ಚಾಪೆಗೆ ಹೋದ. ಕಾಲಿಗೆ ಕಡ್ಡಿ, ಚೆಂಡಿನ ಪಕ್ಕ ಕುಂಡ. ಗಾಜು ಹಿಡಿದಂತೆ ಕೋಲು ಹಿಡಿದು ಬೀಸಿದ. ಟಣ್ಣೆಂದಿತು. ಚೆಂಡು ಏರಿತು, ಅರ್ಧ ದಾರಿ ದಾಟಿತು, ಹೊರಳಲಿಲ್ಲ. ದೂರದ ಬಾವುಟದ ಹತ್ತಿರ ಬಿದ್ದು ಎರಡು ಸಲ ಪುಟಿಯಿತು. ಬಲೆಯಾಚೆಯಿಂದ ಆಕೆ ಕೂಗಿದ್ದು ಮೈದಾನಕ್ಕೆಲ್ಲ ಕೇಳಿಸಿತು: "ಹೋಯ್ತೂ! ನೆಟ್ಟಗೇ ಹೋಯ್ತು!"

ಆಮೇಲೂ ಆಗೊಮ್ಮೆ ಈಗೊಮ್ಮೆ ಚೆಂಡು ತನ್ನ ಹಳೇ ಚಾಳಿ ತೋರಿಸುತ್ತಿತ್ತು, ಆದರೆ ಗಾಜಿನವರೆಗೆ ಹೋಗುತ್ತಿರಲಿಲ್ಲ. ಈಗ ಅವನಿಗೆ ಬೇರೆಯೇ ಚಿಂತೆ. ಗಾಜು ಒಡೆಯದಿದ್ದರೆ ಆ ಕಡೆ ಹೋಗಲು ನೆಪವೇನು? ಒಂದು ಭಾನುವಾರ ಚೀಲ ಹೆಗಲಿಗೇರಿಸಿಕೊಂಡು ನರ್ಸರಿಯ ಗೇಟಿನ ಬಳಿ ನಿಂತ.

"ಈ ವಾರ ಏನೂ ಒಡೆದಿಲ್ಲ," ಎಂದ.

"ನೋಡಿದೆ."

"ಅದಕ್ಕೇ... ಬರಬಹುದೋ ಇಲ್ವೋ ಅಂತ..."

"ಗಾಜು ಒಡೆದವರಿಗೆ ಮಾತ್ರ ಪ್ರವೇಶ ಅಂತ ಬೋರ್ಡ್ ಹಾಕಿದ್ದೀನೇನ್ರೀ?" ಆಕೆ ಸ್ಟೂಲಿನ ಮೇಲಿದ್ದ ಸಸಿಯ ತಟ್ಟೆ ಪಕ್ಕಕ್ಕಿಟ್ಟಳು. "ಕೂತ್ಕೊಳ್ಳಿ, ಟೀ ಇಡ್ತೀನಿ."

ಗಂಡ ತೀರಿಹೋದ ಮೇಲೆ ನರ್ಸರಿಯನ್ನು ಒಬ್ಬಳೇ ನಡೆಸಿಕೊಂಡು ಬಂದದ್ದನ್ನು ಆಕೆ ಅವತ್ತು ಹೇಳಿದಳು. ಲಿಫ್ಟಿನ ಬಾವಿಯಲ್ಲಿ ಒಮ್ಮೆ ಕತ್ತಲಲ್ಲಿ ಸಿಕ್ಕಿಬಿದ್ದು ಹೆದರಿ ಅತ್ತಿದ್ದನ್ನು ಅವನು ಹೇಳಿದ. ಅದನ್ನು ಅಕ್ಕನಿಗೂ ಹೇಳಿರಲಿಲ್ಲ.

ಭಾನುವಾರ ಬಂದರೆ ಇವನು ಇಸ್ತ್ರಿ ಮಾಡಿದ ಅಂಗಿ ಹಾಕುವುದನ್ನು ಅಕ್ಕ ಗಮನಿಸಿದಳು; ಗಾಜು ಕೂರಿಸಿದ ನರ್ಸರಿಯ ಸುದ್ದಿಯನ್ನು ಅವನ ಬಾಯಿಂದಲೇ ಕೇಳಿದ್ದಳು. ಗಿಡ ಬೇಕೆಂಬ ನೆಪ ಮಾಡಿಕೊಂಡು ತಾನೇ ನರ್ಸರಿಗೆ ಹೋಗಿ, ಒಂದು ಗಂಟೆ ಮಾತಾಡಿ, ಗಿಡ ಕೊಳ್ಳುವುದನ್ನೇ ಮರೆತು ಬಂದಳು. ಬಂದವಳೇ ಮಹಡಿ ಹತ್ತಿದಳು.

"ಬರೋ ವಾರ ಅವರನ್ನ ಊಟಕ್ಕೆ ಕರೆದಿದ್ದೀನಿ ಕಣೋ. ಕೋಣೆ ಒಂಚೂರು ಗುಡಿಸಿ ಇಟ್ಕೋ."


ಅವನು ಪೊರಕೆ ತರಲು ಆಗಲೇ ಕೆಳಗೆ ಓಡಿದ್ದ.