ಚಾಂದಸಾಬರ ಕೈಗುಣ

ಕುರುಗೋಡಿನಲ್ಲಿ ಮಕ್ಕಳು ಅಳದೆ ಸೂಜಿ ಮಾಡಿಸಿಕೊಳ್ಳುತ್ತಿದ್ದುದು ಕಾಂಪೌಂಡರ್ ಚಾಂದಸಾಬರ ಕೈಯಲ್ಲಿ ಮಾತ್ರ. ಮೂವತ್ತೊಂದು ವರ್ಷ ಅವರು ಊರಿನ ಒಬ್ಬ ಡಾಕ್ಟರ ಬಳಿಯೇ ದುಡಿದಿದ್ದರು. ಡಾಕ್ಟರು ತೀರಿಕೊಂಡು ದವಾಖಾನೆಗೆ ಬೀಗ ಬಿದ್ದ ಮೇಲೂ ಜನ ಅವರ ಮನೆ ಹುಡುಕಿಕೊಂಡು ಬಂದರು. ಸಿರುಗುಪ್ಪದಲ್ಲಿ ಬರೆಸಿದ ಇಂಜೆಕ್ಷನ್ನನ್ನು ಅಲ್ಲಿ ಹಾಕಿಸಿಕೊಳ್ಳದೆ, ಚೀಟಿ ಸಮೇತ ಬಸ್ಸಿನಲ್ಲಿ ತರುವವರೂ ಇದ್ದರು. “ಔಷಧ ಯಾರದರ ಇರಲಿ, ಕೈ ಚಾಂದಸಾಬಣ್ಣಂದು ಇರಬೇಕು” ಎನ್ನುತ್ತಿದ್ದಳು ಎದುರು ಮನೆಯ ಅಂಬಮ್ಮ.

ಡಾಕ್ಟರು ಕಲಿಸಿದ ಮೂರು ನೇಮಗಳನ್ನು ಚಾಂದಸಾಬ್ ಮೀರುತ್ತಿರಲಿಲ್ಲ. ಚೀಟಿ ಇಲ್ಲದೆ ಸೂಜಿ ಇಲ್ಲ. ಪೆನಿಸಿಲಿನ್‌ನಂಥ ಔಷಧವಾದರೆ ಮೊದಲು ಮುಂಗೈ ಚರ್ಮದಡಿ ಒಂದು ಹನಿ ಬಿಟ್ಟು, ಸುತ್ತ ನೀಲಿ ಪೆನ್ನಿನಿಂದ ಉಂಗುರ ಬರೆದು, ಕಾಲು ಗಂಟೆ ಕಾಯಬೇಕು. ಉಂಗುರದೊಳಗೆ ಕೆಂಪಾದರೆ ಮುಂದುವರಿಯಬಾರದು. ಮೂರನೆಯದು, ನೀರು ಬೆರೆಸಿದ ಔಷಧ ಉಳಿದರೆ ಸಂಜೆಯೊಳಗೆ ಚೆಲ್ಲಬೇಕು.

2009ರ ಬೇಸಿಗೆಯಲ್ಲಿ ತಂಗಿ ಸುಗ್ರಾಬಿಯ ಮಗ ಇಲಿಯಾಸ್ ಬಳ್ಳಾರಿಯಿಂದ ಬಂದ. ಕೌಲ್ ಬಜಾರ್‌ನ ಗ್ಯಾರೇಜಿನಲ್ಲಿ ಅದಿರು ಲಾರಿಗಳ ಬಾಡಿಗೆ ವೆಲ್ಡಿಂಗ್ ಮಾಡುವ ಹುಡುಗ, ಸಂಜೆಯಾದರೆ ಜಿಮ್ಮು. ಗಣಿ ಧಣಿಗಳ ಬಿಳಿ ಕಾರುಗಳ ಹಿಂದೆ ಮುಂದೆ ದಾಂಡಿಗ ಹುಡುಗರು ಓಡಾಡುತ್ತಿದ್ದ ಕಾಲ ಅದು. ಒಬ್ಬ ಧಣಿಯ ಕಾವಲಿಗೆ ಇಲಿಯಾಸನ ಹೆಸರೂ ಹೋಗಿತ್ತು. ಒಂದೂವರೆ ತಿಂಗಳಿಗೆ ಆಯ್ಕೆ. ಅಷ್ಟರಲ್ಲಿ ಭಾರ ಎತ್ತುವಾಗ ಬಲಭುಜದ ನರ ಹರಿದಿತ್ತು. ಮೂರು ತಿಂಗಳು ಕೈ ಎತ್ತಬೇಡ ಎಂದಿದ್ದರು ಬಳ್ಳಾರಿಯ ಡಾಕ್ಟರು.

ಅವನು ಜೇಬಿನಿಂದ ತೆಗೆದದ್ದು ಹೆಬ್ಬೆರಳಿನಷ್ಟು ಬಾಟಲಿ. ರಬ್ಬರ್ ಮುಚ್ಚಳ, ತಳದಲ್ಲಿ ಚಿಟಿಕೆ ಉಪ್ಪಿನಷ್ಟು ಬಿಳಿ ಪುಡಿ.

“ಪೆಪ್ಟೈಡ್ ಅಂತಾರ ಮಾಮಾ. ಹರದ ನರ ಕೂಡಸ್ತೈತಂತ. ನಮ್ಮ ಕೋಚ್ ಎರ್ರಣ್ಣ ಹೈದರಾಬಾದಿನಿಂದ ತರಿಸ್ಯಾನ. ನೀರು ಬೆರೆಸಿ ಚುಚ್ಚೋದು ಅಷ್ಟ.”

ಚಾಂದಸಾಬ್ ಕನ್ನಡಕ ಏರಿಸಿ ಬಾಟಲಿಯ ಮೇಲಿನ ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಿದರು. “ಸಂಶೋಧನೆಗೆ ಮಾತ್ರ, ಮನುಷ್ಯರಿಗಲ್ಲ ಅಂತ ಬರದಾರಲ್ಲಲೇ.”

“ಅದು ಪೊಲೀಸರಿಗೆ ಬರದಿದ್ದು. ಇಲಿಗೆ ಹಾಕಿ ನೋಡ್ಯಾರಂತ. ವಾಸಿ ಆಗೈತಂತ.”

“ಇಲಿ ಧಣಿ ಕಾರಿನ ಮುಂದ ಓಡಂಗಿಲ್ಲ. ಚೀಟಿ ಎಲ್ಲೈತಿ?”

ಚೀಟಿ ಇರಲಿಲ್ಲ. ಅವತ್ತು ಅವನನ್ನು ವಾಪಸು ಕಳಿಸಿದರು. ಮರುದಿನ ಅವನ ಜೊತೆ ಸುಗ್ರಾಬಿಯೂ ಬಸ್ಸಿಳಿದಳು.

“ಅಣ್ಣಾ, ಊರ ಮಕ್ಕಳಿಗೆಲ್ಲ ನಿನ್ನ ಕೈ ಐತಿ, ನನ್ನ ಮಗಗ ಮಾತ್ರ ಇಲ್ಲೇನು? ನೀ ಒಲ್ಲೆ ಅಂದ್ರ ಜಿಮ್ಮಿನಾಗ ಅವರವರ ಚುಚ್ಚಿಕೊಂತಾರ. ಕಲ್ಲಂಗಡಿ ಹಣ್ಣಿಗೆ ಚುಚ್ಚಿ ಕಲ್ತಾರಂತ, ಕೇಳು ಬೇಕಾರ!”

ಕಲ್ಲಂಗಡಿಯ ಮಾತು ಚಾಂದಸಾಬರಿಗೆ ನಾಟಿತು. ಮೊದಲ ನೇಮ ಹೋಯಿತು. ಅದಕ್ಕೇ ಎರಡನೆಯದನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು. ಪುಡಿಗೆ ನೀರು ಬೆರೆಸಿ, ಇಲಿಯಾಸನ ಮುಂಗೈಯಲ್ಲಿ ಒಂದು ಹನಿ ಬಿಟ್ಟು, ನೀಲಿ ಉಂಗುರ ಬರೆದು, ಗಡಿಯಾರ ನೋಡುತ್ತ ಕುಳಿತರು. ಕಾಲು ಗಂಟೆ ಸಾಲದೆಂದು ಅರ್ಧ ಗಂಟೆ. ಕೆಂಪಾಗಲಿಲ್ಲ.

“ಪಾಸ್!” ಎಂದ ಇಲಿಯಾಸ್.

ಔಷಧ ಮೈಗೆ ಆಗದಿದ್ದರೆ ಆ ಉಂಗುರ ಹೇಳುತ್ತದೆ, ಅಷ್ಟೇ. ಬಾಟಲಿಯೊಳಗೆ ಇರುವುದೇನು, ಯಾವ ಕೋಣೆಯಲ್ಲಿ ಎಂಥ ಕೈ ಅದನ್ನು ತುಂಬಿತು ಎಂಬುದು ಉಂಗುರಕ್ಕೆ ತಿಳಿಯದು. ಚಾಂದಸಾಬರಿಗೆ ಇದು ಗೊತ್ತಿತ್ತು. ಅವತ್ತು ಗೊತ್ತಿರುವುದು ಬೇಡವಾಗಿತ್ತು.

ಸೂಜಿ ಮಾಡಿ, ಉಳಿದದ್ದನ್ನು ಚೆಲ್ಲಲು ಎದ್ದಾಗ ಇಲಿಯಾಸ್ ಅವರ ಮಣಿಕಟ್ಟು ಹಿಡಿದ. “ಏ ಮಾಮಾ! ಇಪ್ಪತ್ತು ದಿನದ್ದು ಅದು!”

ಬಾಟಲಿ ಕರವಸ್ತ್ರದಲ್ಲಿ ಸುತ್ತಿಸಿಕೊಂಡು ಪಕ್ಕದ ಸೋಡಾ ಅಂಗಡಿಯ ಫ್ರಿಜ್ಜಿಗೆ, ಹಾಲಿನ ಪಾಕೀಟುಗಳ ನಡುವೆ ಹೋಯಿತು. ಮೇ ತಿಂಗಳು. ಕರೆಂಟು ಹೋದರೆ ಮಧ್ಯಾಹ್ನವೆಲ್ಲ ಬರುತ್ತಿರಲಿಲ್ಲ. ಇಲಿಯಾಸ್ ದಿನ ಬಿಟ್ಟು ದಿನ ಬೈಕಿನಲ್ಲಿ ಬಂದ. ಪ್ರತಿ ಸಲ ಹೊಸ ಸಿರಿಂಜು, ಸ್ಪಿರಿಟ್ಟಿನ ಹತ್ತಿ. ಎರ್ರಣ್ಣ ಹೇಳಿದಂತೆ ಭುಜದ ಸುತ್ತಲೇ ಸೂಜಿ. ವಾರದಲ್ಲಿ ನೋವು ತಗ್ಗಿತು. ಔಷಧದಿಂದಲೋ, ಭಾರ ಎತ್ತದೆ ಇದ್ದುದರಿಂದಲೋ, ಯಾರೂ ಕೇಳಲಿಲ್ಲ.

ಹದಿಮೂರನೆಯ ದಿನ ಬಾಟಲಿಯನ್ನು ಬೆಳಕಿಗೆ ಹಿಡಿದಾಗ ನೀರು ತುಸು ಕದಡಿದಂತಿತ್ತು.

“ತಂಪಿಗೆ ಹಂಗಾಗಿರತೈತಿ ಬಿಡು ಮಾಮಾ.”

ಚಾಂದಸಾಬ್ ಇನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಸೂಜಿ ಮಾಡಿದರು. ಎಂದಿನಂತೆ ಒಂದಿಷ್ಟೂ ನೋಯಲಿಲ್ಲ.

ಎರಡು ದಿನಕ್ಕೆ ಜ್ವರ ಬಂತು. ಭುಜ ಕೆಂಪಗೆ ಊದಿ ಕುದಿಯುತ್ತಿತ್ತು. ಬಳ್ಳಾರಿಯ ಆಸ್ಪತ್ರೆಯಲ್ಲಿ ಕುಯ್ದಾಗ ಕೀವು ಕೀಲಿನವರೆಗೆ ಇಳಿದಿತ್ತು. ಆಪರೇಷನ್ ಮಾಡಿದ ಡಾಕ್ಟರು ಮನೆಯವರಿಂದ ತರಿಸಿಕೊಂಡ ಬಾಟಲಿ ಹಿಡಿದುಕೊಂಡು ವಾರ್ಡಿಗೆ ಬಂದರು.

“ಯಾರ್ರೀ ಇದನ್ನ ಹಾಕಿದ್ದು?”

ಚಾಂದಸಾಬ್ ಮಂಚದ ಕಾಲ ಬಳಿ ನಿಂತಿದ್ದರು. ಇಲಿಯಾಸ್ ಅವರನ್ನೊಮ್ಮೆ ನೋಡಿ ಗೋಡೆಯತ್ತ ಮುಖ ತಿರುಗಿಸಿದ.

“ನಾನ ಹಾಕ್ಕೊಂಡೆ ಸರ್.”

ಡಾಕ್ಟರು ಅವನನ್ನು ಬಹಳ ಹೊತ್ತು ಬೈದರು. ಬೈಗುಳ ಮುಗಿಯುವವರೆಗೂ ಚಾಂದಸಾಬ್ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ತಲೆ ತಗ್ಗಿಸಿ ಕೇಳಿಸಿಕೊಂಡರು.

ಆಯ್ಕೆಯ ದಿನ ಕಳೆಯಿತು. ಎರ್ರಣ್ಣ ಒಮ್ಮೆ ಮೋಸಂಬಿ ಹಿಡಿದುಕೊಂಡು ಬಂದ. “ನಮ್ಮ ಔಷಧ ಚಲೋನ ಇತ್ತಮ್ಮ, ಸೂಜಿ ಮಾಡಿದ ಕೈ ಸರಿ ಇರಲಿಲ್ಲ” ಎಂದು ಸುಗ್ರಾಬಿಗೆ ಹೇಳಿ ಹೋದ. ಅವಳು ಅಲ್ಲವೆನ್ನಲಿಲ್ಲ. ಇಲಿಯಾಸ್ ಗ್ಯಾರೇಜಿಗೆ ಮರಳಿದ. ಕೈ ಮೇಲೆತ್ತಿ ವೆಲ್ಡಿಂಗ್ ಮಾಡಲಾಗದೆ, ಕುಳಿತು ಕಬ್ಬಿಣ ಉಜ್ಜುವ ಕೆಲಸ ಹಿಡಿದ.

ಮಳೆಗಾಲದಲ್ಲಿ ಅಂಬಮ್ಮ ಮೊಮ್ಮಗಳನ್ನು ಎತ್ತಿಕೊಂಡು, ಚೀಟಿ ಹಿಡಿದು ಬಂದಳು.

“ನನ್ನ ಕೈ ನಡಗ್ತಾವ ಅಂಬಮ್ಮ. ಸರಕಾರಿ ದವಾಖಾನಿಗೆ ಹೋಗು.”

“ಎಲ್ಲಿ ನಡಗ್ತಾವ? ತುಂಬಿದ ಚಾ ಕಪ್ಪು ಹಿಡದೀರಿ, ಒಂದು ಹನಿ ಚೆಲ್ಲಿಲ್ಲ!”

ಚಾಂದಸಾಬ್ ಕಪ್ಪು ಕೆಳಗಿಟ್ಟರು.

ಆ ವರ್ಷ ರಂಜಾನ್ ಹಬ್ಬದ ನಮಾಜಿಗೆ ಅವರು ಬಳ್ಳಾರಿಗೆ ಹೋದರು. ಈದ್ಗಾದ ಸಾಲಿನಲ್ಲಿ ಇಲಿಯಾಸ್ ತಾನಾಗಿಯೇ ಬಂದು ಪಕ್ಕದಲ್ಲಿ ನಿಂತ. ಇಮಾಮರು ತಕ್ಬೀರ್ ಕೂಗಿದಾಗ ಸಾಲುಸಾಲು ಕೈಗಳು ಕಿವಿಯವರೆಗೆ ಎದ್ದವು. ಆ ಹೊತ್ತಿನಲ್ಲಿ ನೋಟ ನೆಲದ ಮೇಲಿರಬೇಕು. ಚಾಂದಸಾಬ್ ಓರೆಗಣ್ಣಿನಲ್ಲಿ ನೋಡಿದರು. ಇಲಿಯಾಸನ ಎಡಗೈ ಕಿವಿ ಮುಟ್ಟಿತ್ತು, ಬಲಗೈ ಎದೆಯ ಬಳಿಯೇ ನಿಂತಿತ್ತು. ಚಾಂದಸಾಬರ ಎರಡೂ ಕೈಗಳು ಕಿವಿಯ ಪಕ್ಕದಲ್ಲಿದ್ದವು, ಒಂದಿಷ್ಟೂ ನಡುಗದೆ.