ಗೇಟು ತೆಗೆಯುವವನು

ಆ ಸಫಾರಿ ಎಲ್ಲಿತ್ತು, ಅದರ ಹೆಸರೇನು ಎಂದು ಹೇಳುವುದಿಲ್ಲ. ತಪ್ಪು ಅದರದ್ದಲ್ಲ. ಅಲ್ಲಿನ ಹುಲಿ ಸಿಂಹಗಳು ತಮ್ಮ ಪಾಡಿಗೆ ತಾವು ಮಲಗಿದ್ದವು. ಕೆಟ್ಟದ್ದು ನಮ್ಮ ಜೀಪಿನಲ್ಲಿ ನಮ್ಮ ಜೊತೆಗೇ ಬಂದಿತ್ತು.

ಎಂಬತ್ತರ ದಶಕದ ಕೊನೆಯ ಮಾತು. ಮೂಡಿಗೆರೆಗೂ ಕಳಸಕ್ಕೂ ನಡುವಿನ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್ ಆಗಿದ್ದೆ. ಬೆಳಿಗ್ಗೆ ಆಳುಗಳ ಹಾಜರಿ ಹಿಡಿಯುವುದು, ಕೊಯ್ಲಿನಲ್ಲಿ ಹಣ್ಣು ತೂಗಿಸುವುದು, ಕಣದಲ್ಲಿ ಸಿಪ್ಪೆ ಬಿಡಿಸಿ ತೊಳೆದ ಬೀಜ, ಅಂದರೆ ಪಾರ್ಚ್‌ಮೆಂಟ್ ಒಣಗುವಾಗ ಆಕಾಶ ನೋಡುತ್ತ ನಿಲ್ಲುವುದು ನನ್ನ ಕೆಲಸ. ಎಸ್ಟೇಟು ನೋಡಿಕೊಳ್ಳುತ್ತಿದ್ದವನು ಮಾಲೀಕರ ಮಗ. ಅವನೂ ನಾನೂ ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು. ಅವನು ಕಾಲೇಜು ಮುಗಿಸಿ ಬಂದಾಗ ನಾನು ಕೆಲಸವಿಲ್ಲದೆ ಅಲೆಯುತ್ತಿದ್ದೆ. ಕರೆದು ಕೆಲಸ ಕೊಟ್ಟ, ಇರಲು ಎರಡು ಕೋಣೆಯ ಕ್ವಾರ್ಟರ್ಸ್ ಕೊಟ್ಟ. "ಆಳುಗಳ ಎದುರಿಗೆ ಮಾತ್ರ ಗೌಡ್ರೇ ಅನ್ನು ಮಾರಾಯ, ಉಳಿದಂಗೆ ನಾವು ಮೊದಲಿನ ಹಾಗೇ" ಎಂದಿದ್ದ. ನಾನು ನಂಬಿದೆ.

ಟಾರು ರಸ್ತೆಯಿಂದ ಬಂಗಲೆಗೆ ಹೋಗುವ ದಾರಿಯಲ್ಲಿ ಮೂರು ಗೇಟುಗಳಿದ್ದವು. ತೋಟಕ್ಕೆ ದನ ನುಗ್ಗಬಾರದೆಂದು ಹಾಕಿದ್ದು. ನಮ್ಮ ಕಡೆಯ ಎಸ್ಟೇಟು ಜೀಪುಗಳಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ಕ್ರಮವಿದೆ. ಓಡಿಸುವವನು ಇಳಿಯುವುದಿಲ್ಲ. ಉಳಿದವರಲ್ಲಿ ಎಲ್ಲರಿಗಿಂತ ಕೆಳಗಿನವನು ಯಾರೋ ಅವನು ಧುಮುಕಿ ಗೇಟು ತೆಗೆಯಬೇಕು, ಜೀಪು ದಾಟಿದ ಮೇಲೆ ಹಾಕಬೇಕು, ಓಡಿ ಬಂದು ಹತ್ತಬೇಕು. ಮೇಸ್ತ್ರಿ ಇದ್ದರೆ ಮೇಸ್ತ್ರಿ, ಇಲ್ಲದಿದ್ದರೆ ರೈಟರ್. ನಾವಿಬ್ಬರೇ ಇದ್ದಾಗಲೂ ನಾನೇ ಇಳಿಯುತ್ತಿದ್ದೆ. ಸ್ಟಿಯರಿಂಗ್ ಅವನ ಕೈಯಲ್ಲಿದೆಯಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಎರಡು ವರ್ಷದಲ್ಲಿ ಅದು ಎಷ್ಟು ಅಭ್ಯಾಸವಾಗಿತ್ತೆಂದರೆ, ಜೀಪು ನಿಧಾನವಾದರೆ ಸಾಕು, ನನ್ನ ಕಾಲು ತಾನಾಗಿ ಹೊರಗೆ ಹೋಗುತ್ತಿತ್ತು.

ಕೊಯ್ಲು ಮುಗಿದು ಹೂಮಳೆಗೆ ಕಾಯುತ್ತಿದ್ದ ಮಾರ್ಚಿ ತಿಂಗಳು. ತೋಟದಲ್ಲಿ ದೊಡ್ಡ ಕೆಲಸವಿರಲಿಲ್ಲ. "ಬಯಲುಸೀಮೆ ಕಡೆ ಒಂದು ಸಫಾರಿ ಮಾಡಿದಾರಂತೆ, ಶನಿವಾರ ಹೊರಟು ಭಾನುವಾರ ಬಂದುಬಿಡೋಣ" ಎಂದ ಮಾಲೀಕರ ಮಗ. ನಾನು ಹಿಗ್ಗಿಹೋದೆ. ಹುಲಿ ನೋಡುವ ಹಿಗ್ಗಲ್ಲ ಅದು. ಎರಡು ದಿನ ಹಾಜರಿ ಪುಸ್ತಕವಿಲ್ಲ, ಆಳುಗಳಿಲ್ಲ. ಮತ್ತೆ ಒಂದೇ ಬೆಂಚಿನವರಾಗಬಹುದು ಎಂಬ ಆಸೆ. ಮೂಡಿಗೆರೆಯಲ್ಲಿ ಟೆರಿಕಾಟ್ ಬಟ್ಟೆ ತೆಗೆದು ಹೊಸ ಶರ್ಟು ಹೊಲಿಸಿದೆ.

ಶನಿವಾರ ಮಧ್ಯಾಹ್ನ ಮುಂದಿನ ಸೀಟಿನಲ್ಲಿ ಅವನ ಪಕ್ಕ ಕೂತು ಹೊರಟೆ. ಕೊಟ್ಟಿಗೆಹಾರದಲ್ಲಿ ಇನ್ನೊಬ್ಬ ಸಹಪಾಠಿ ಹತ್ತಿದ. ಅವನದು ಅಲ್ಲಿ ಜೀಪು ರಿಪೇರಿ ಶೆಡ್ಡು. ಸಾಬರ ಹುಡುಗ, ನಮ್ಮ ಮೂವರಲ್ಲಿ ಮಾತಿಗೆ ಮುಂದು. ಚಿಕ್ಕಮಗಳೂರಿನವರೆಗೆ ನಗುವೋ ನಗು. ಅಲ್ಲಿ ಮಾಲೀಕರ ಮಗನ ಕಾಲೇಜು ಗೆಳೆಯನ ಮನೆಯಲ್ಲಿ ಉಳಿದೆವು. ಅವನೂ ತೋಟದವರ ಮಗನೇ. ಭಾನುವಾರ ಬೆಳಿಗ್ಗೆ ಹೊರಡುವಾಗ ಆ ಗೆಳೆಯ ಜೀಪಿನ ಮುಂದಿನ ಬಾಗಿಲ ಹತ್ತಿರ ಬಂದು ನಿಂತ. ಯಾರೂ ನನಗೆ ಏನೂ ಹೇಳಲಿಲ್ಲ. ನಾನೇ ಹಿಂದಕ್ಕೆ ಹೋಗಿ, ಹತ್ತುವ ಜಾಗದ ಪಕ್ಕ ಕೂತೆ. ಇವತ್ತಿಗೂ ಅದನ್ನು ನೆನೆದರೆ ಅವರಿಗಿಂತ ನನ್ನ ಮೇಲೇ ಹೆಚ್ಚು ಸಿಟ್ಟು ಬರುತ್ತದೆ.

ಸಫಾರಿಗೆ ನಮ್ಮ ಜೀಪನ್ನು ಬಿಡಲಿಲ್ಲ. ಅವರದೇ ವ್ಯಾನು, ಕಿಟಕಿಗಳಿಗೆ ಜಾಲರಿ. ಅಲ್ಲೂ ನಾನು ಬಾಗಿಲ ಪಕ್ಕವೇ ಕೂತೆ. ಬಿಸಿಲೆಂದರೆ ಬಿಸಿಲು. ತಂತಿ ಬೇಲಿಯ ಹತ್ತಿರ ನಾಲ್ಕು ಜಿಂಕೆ. ಪೊದೆಯೊಳಗೆ ಹುಲಿ ಇದೆ ಎಂದು ಡ್ರೈವರ್ ತೋರಿಸಿದ. ನಮಗೆ ಕಂಡದ್ದು ಬಾಲದ ತುದಿ. ಒಂದು ಸಿಂಹ ಮರದಡಿ ಬಿದ್ದುಕೊಂಡು ನೊಣ ಓಡಿಸುತ್ತಿತ್ತು. "ಇದ್ಕೆ ಇಷ್ಟು ದೂರ ಬಂದ್ವಾ? ಚಾರ್ಮಾಡಿ ಮಂಗಗಳೇ ವಾಸಿ ಕಣ ಮಾರಾಯ, ಕೈಯಾಗಿಂದ ಬಾಳೆಹಣ್ಣಾದ್ರೂ ಕಿತ್ಕೊಳ್ತವೆ" ಎಂದ ರಿಪೇರಿ ಶೆಡ್ಡಿನವನು. ಯಾರೂ ನಗಲಿಲ್ಲ. ನಮ್ಮ ಮುಂದಿನ ಸೀಟಿನಲ್ಲಿ ಮಾಲೀಕರ ಮಗನೂ ಅವನ ಗೆಳೆಯನೂ ತಮ್ಮ ಕಾಲೇಜಿನ ಯಾರದೋ ಮದುವೆಯ ಮಾತಾಡುತ್ತಿದ್ದರು. ನನಗೆ ತೂಕಡಿಕೆ ಬಂತು.

ವ್ಯಾನು ನಿಧಾನವಾಯಿತು, ನಿಂತಿತು. ಕಣ್ಣು ಬಿಟ್ಟರೆ ಎದುರಿಗೆ ಗೇಟು. ನಾನು ಚಿಲಕ ಸರಿಸಿ, ಬಾಗಿಲು ತೆಗೆದು, ಇಳಿದೇಬಿಟ್ಟೆ.

ಎರಡು ಹೆಜ್ಜೆ ಹಾಕಿದ್ದೆ. ಡ್ರೈವರ್ ಕಿರುಚಿದ. ಹಿಂದಿನಿಂದ ಒಂದು ಕೈ ನನ್ನ ಕಾಲರಿಗೆ ಬಿತ್ತು. ಶರ್ಟು ಬೆನ್ನಿನವರೆಗೆ ಪರ್ರೆಂದು ಹರಿಯಿತು. ರಿಪೇರಿ ಶೆಡ್ಡಿನವನು ನನ್ನನ್ನು ದರದರ ಎಳೆದು ಒಳಗೆ ಕೆಡವಿ ಬಾಗಿಲು ಹಾಕಿದ. ನಾವಿನ್ನೂ ಸಿಂಹದ ಬೇಲಿಯ ಒಳಗೇ ಇದ್ದೆವು; ಅದು ಹೊರಗೆ ಹೋಗುವ ಗೇಟು, ತೆಗೆಯುವವನು ಆಚೆ ಕಡೆ ನಿಂತಿದ್ದ. ಸಿಂಹ ಎಷ್ಟು ದೂರವಿತ್ತು? ನಮ್ಮ ಕಣದ ಉದ್ದ ಇರಬಹುದು. ಅದು ತಲೆ ಎತ್ತಿ ಸಹ ನೋಡಲಿಲ್ಲ.

ಕಾಲೇಜು ಗೆಳೆಯ ಕೇಳಿದ: "ಇವ್ರು ಯಾಕೆ ಇಳಿದ್ರು?"

ಮಾಲೀಕರ ಮಗನಿಗೆ ಅಷ್ಟರಲ್ಲಿ ಅರ್ಥವಾಗಿತ್ತು. ಹೊಟ್ಟೆ ಹಿಡಿದುಕೊಂಡು ನಗತೊಡಗಿದ. "ಗೇಟ್ ತೆಗಿಯಕ್ಕೆ ಕಣೋ! ನಮ್ಮ ರೈಟ್ರಿಗೆ ಗೇಟ್ ಕಂಡ್ರೆ ಕಾಲು ನಿಲ್ಲಲ್ಲ!"

ಸತ್ತೇಹೋಗುತ್ತಿದ್ದೆನಲ್ಲ ಎಂಬ ಭಯ ನನಗೆ ಆಗ ಬರಲಿಲ್ಲ. ಹಿಂದಿನ ದಿನದಿಂದ ಆ ಗೆಳೆಯನಿಗೆ ನನ್ನನ್ನು ಯಾರೆಂದು ಪರಿಚಯಿಸಿರಲಿಲ್ಲ, ಈಗ ಆ ಪರಿಚಯ ಆಯಿತು. ದಾರಿಯುದ್ದಕ್ಕೂ ಅದೇ ಕಥೆ. ಊಟದ ಹೋಟೆಲಿನಲ್ಲಿ ಸಿಕ್ಕ ಗುರುತಿನವರಿಗೆ ಮಾಲೀಕರ ಮಗ ಹೇಳಿದ. ಚಿಕ್ಕಮಗಳೂರಿನಲ್ಲಿ ಗೆಳೆಯನನ್ನು ಇಳಿಸುವಾಗ ಅವನ ತಾಯಿಗೂ ಹೇಳಿದ. ಹರಿದ ಶರ್ಟಿನ ಮೇಲೆ ಟವೆಲ್ಲು ಹೊದ್ದು ನಾನೂ ನಕ್ಕೆ. ನಗದಿದ್ದರೆ ಮುಖ ಎಲ್ಲಿಡುವುದು?

ಕೊಟ್ಟಿಗೆಹಾರದಲ್ಲಿ ರಿಪೇರಿ ಶೆಡ್ಡಿನವನು ಇಳಿದು ನನ್ನನ್ನು ಪಕ್ಕಕ್ಕೆ ಕರೆದ. "ನೀನೂ ಇಲ್ಲೇ ಉಳ್ಕ. ನಮ್ಮನೇಲಿ ಉಂಡು ಮಲ್ಗು, ನಾಳೆ ಬಸ್ಸಿಗೆ ಹೋಗು."

"ಬೆಳಿಗ್ಗೆ ಏಳಕ್ಕೆ ಹಾಜರಿ ಇದೆ" ಎಂದೆ.

ಅವನು ನನ್ನ ಮುಖ ನೋಡಿದ. "ನಾನು ಅವ್ನ ಜೀಪು ರಿಪೇರಿ ಮಾಡಿ ನಮ್ಮನೆಗೆ ಹೋಗ್ತೀನಿ. ನಿಂಗೆ ಹೋಗಕ್ಕಿರೋ ಮನೇನೂ ಅವ್ನದ್ದೇ ಅಲ್ವಾ ಮಾರಾಯ" ಎಂದ. ಚುಚ್ಚಬೇಕೆಂದು ಆಡಿದ ಮಾತಲ್ಲ, ಮರುಕದಿಂದ ಆಡಿದ್ದು. ಅದಕ್ಕೇ ಹೆಚ್ಚು ನೋವಾಯಿತು.

ಮುಂದಿನ ಸೀಟಿಗೆ ಬಂದು ಕೂತೆ. ಎಸ್ಟೇಟಿನ ಮೊದಲ ಗೇಟು ಬರುವಾಗ ಹೊತ್ತು ಮುಳುಗುತ್ತಿತ್ತು. ಜೀಪು ನಿಂತಿತು. ಇವತ್ತು ಇಳಿಯುವುದಿಲ್ಲ ಎಂದು ನಿಶ್ಚಯಿಸಿ ಎರಡು ಕೈಯಲ್ಲೂ ಮಂಡಿ ಹಿಡಿದು ಕೂತಿದ್ದೆ. ಸುತ್ತ ಆಳುಗಳಿರಲಿಲ್ಲ, ಕಾಲೇಜು ಗೆಳೆಯನಿರಲಿಲ್ಲ. ಒಂದೇ ಒಂದು ಸಲ ಅವನು ಇಳಿದು ತೆಗೆದಿದ್ದರೆ, ಅಥವಾ "ಪಾಪ, ಹೆದ್ರಿದ್ಯಾ?" ಎಂದು ಕೇಳಿದ್ದರೆ, ಇಡೀ ದಿನವನ್ನು ಮರೆತುಬಿಡುತ್ತಿದ್ದೆ. ಇಂಜಿನ್ ಗುರುಗುಟ್ಟುತ್ತಿತ್ತು. ಅವನು ನನ್ನ ಕಡೆ ತಿರುಗದೆ ಸ್ಟಿಯರಿಂಗಿನ ಮೇಲೆ ಬೆರಳಾಡಿಸಿದ.

"ರೈಟ್ರೇ, ಗೇಟು" ಎಂದ.

ಇಳಿದೆ. ತೆಗೆದೆ. ಜೀಪು ದಾಟಿತು. ಗೇಟು ಹಾಕಿ ಚಿಲಕ ಸಿಕ್ಕಿಸಿ, ಅಲ್ಲಿಂದಲೇ ಕೂಗಿ ಹೇಳಿದೆ: "ನೀವು ಹೋಗಿ ಗೌಡ್ರೇ. ನಾನು ನಡ್ಕೊಂಡು ಬರ್ತೀನಿ."

ಒಂದು ಗಳಿಗೆ ಬ್ರೇಕಿನ ಕೆಂಪು ದೀಪ ಹಾಗೇ ಇತ್ತು. ಆಮೇಲೆ ಹೊರಟುಹೋದ. ಇನ್ನೆರಡು ಗೇಟುಗಳನ್ನು ಅವನೇ ಇಳಿದು ತೆಗೆಯಬೇಕಲ್ಲ ಎಂದು ನೆನೆದು, ನಡೆಯುತ್ತ ನಡೆಯುತ್ತ ಒಳಗೊಳಗೇ ಖುಷಿಪಟ್ಟೆ. ತಿರುವಿನಾಚೆ ಜೀಪು ನಿಂತ ಸದ್ದು, ಕಬ್ಬಿಣ ಕಿರುಗುಟ್ಟಿದ ಸದ್ದು ಕೇಳಿತು. ಆ ದಿನ ನನಗೆ ಸಿಕ್ಕ ಸಂತೋಷ ಅಷ್ಟೇ.

ಹತ್ತಿರ ಹೋಗಿ ನೋಡಿದರೆ ಎರಡನೆಯ ಗೇಟು ಹಾರು ಹೊಡೆದಿತ್ತು. ಮೂರನೆಯದೂ ಹಾಗೆಯೇ. ಹಿಂದೆ ನಾನು ಬರುತ್ತೇನೆಂದು ಅವನಿಗೆ ಗೊತ್ತಿತ್ತು. ರಾತ್ರಿ ದನ ನುಗ್ಗಿದರೆ ಬೆಳಿಗ್ಗೆ ಕೇಳುವುದು ನನ್ನನ್ನೇ ಎಂದು ನನಗೂ ಗೊತ್ತಿತ್ತು. ಎರಡನ್ನೂ ಹಾಕಿಕೊಂಡು ಬಂದೆ.